ಮನೆಯ ತಂತಿಗೆ ತಕ್ಕ ಬೆಸುಗೆ

ಬಾಗಲಕೋಟೆಯ ಯಂತ್ರೋಪಕರಣಗಳ ಅಂಗಡಿಗಳಲ್ಲಿ ಈಗ ಕೆಲವು ವರ್ಷಗಳಿಂದ ಒಂದು ಬಗೆಯ ಚಿಕ್ಕ ಪೆಟ್ಟಿಗೆ ಸಾಲುಗಟ್ಟಿ ಕುಳಿತಿರುವುದನ್ನು ಕಾಣಬಹುದು. ಮೊಳದುದ್ದ, ಗೇಣಗಲ, ಐದಾರು ಕಿಲೋ ತೂಕ. ಹೆಗಲಿಗೆ ಹಾಕಿಕೊಳ್ಳಲು ಒಂದು ಪಟ್ಟಿ, ಮುಂಭಾಗದಲ್ಲಿ ತಿರುಗಿಸುವ ಒಂದು ಗುಂಡಿ, ಅದರ ಕೆಳಗೆ ಕೇಬಲ್ಲು ಸಿಕ್ಕಿಸುವ ಎರಡು ತೂತು, ಮಗ್ಗುಲಲ್ಲಿ ಢಾಳಾಗಿ ಬರೆದ ಒಂದು ಸಂಖ್ಯೆ. ಆ ಸಂಖ್ಯೆ ಕೆಲವುದರ ಮೇಲೆ 200, ಕೆಲವುದರ ಮೇಲೆ 250, ಇನ್ನು ಕೆಲವುದರ ಮೇಲೆ 300. ಕೊಳ್ಳಬಂದವನ ಕಣ್ಣು ಮೊದಲು ನಾಟುವುದು ಅಲ್ಲಿಯೇ. ಅಂಗಡಿಯವನ ಬೆರಳು ಮೊದಲು ತೋರಿಸುವುದೂ ಅದನ್ನೇ. “ದೊಡ್ಡದ ತಗೋರಿ ಸಾಹೇಬ್ರ, ಇನ್ನೂರೈವತ್ತ ಆಂಪ್ಸ್ ಐತಿ. ಮನ್ಯಾಗಿನ ಪ್ಲಗ್ಗಿಗೇ ನಡಿತೈತ್ರಿ” ಎಂದು ಆತ ಹೇಳುವ ಎರಡು ಮಾತುಗಳಲ್ಲಿ ಒಂದೊಂದೂ ಬಿಡಿಯಾಗಿ ನಿಜವಾಗಿರಬಹುದು. ಆದರೆ ಎರಡೂ ಏಕಕಾಲದಲ್ಲಿ ನಿಜವಾಗಲಾರವು. ಏಕೆ ಆಗಲಾರವೆಂಬುದನ್ನು ಅರಿತವನಿಗೆ ಯಂತ್ರದ ಆಯ್ಕೆ ಬಹುಮಟ್ಟಿಗೆ ಮುಗಿದಂತೆಯೇ. ಅರಿಯದವನು ಹೆಚ್ಚಿನ ಹಣ ತೆತ್ತು ಕಡಮೆ ಕೆಲಸವನ್ನು ಮನೆಗೆ ಕೊಂಡೊಯ್ಯುತ್ತಾನೆ.

ಇಂಥ ಬೆಸುಗೆಯ ಯಂತ್ರ ಮನೆಗೇಕೆ ಬೇಕು ಎಂದು ಕೇಳುವವರುಂಟು. ಈ ಸೀಮೆಯ ಬದುಕನ್ನು ಹತ್ತಿರದಿಂದ ಕಂಡವರು ಹಾಗೆ ಕೇಳಲಾರರು. ಹುನಗುಂದದ ಎರೆಹೊಲದಲ್ಲಿ ಉತ್ತರಿ ಮಳೆ ಬಿದ್ದು ಮಣ್ಣು ಹದಕ್ಕೆ ಬಂದ ವಾರದಲ್ಲಿಯೇ ಕುಂಟೆಯ ತೋಳು ಬಿರುಕು ಬಿಡುತ್ತದೆ, ಕೂರಿಗೆಯ ಕಬ್ಬಿಣದ ತಾಳು ಕಳಚಿಕೊಳ್ಳುತ್ತದೆ. ಅದೇ ವಾರದಲ್ಲಿ ಊರಿನ ವೆಲ್ಡಿಂಗ್ ಅಂಗಡಿಯ ಮುಂದೆ ಹತ್ತು ಟ್ರ್ಯಾಕ್ಟರುಗಳು ಸರದಿ ನಿಂತಿರುತ್ತವೆ. ಹಿಂಗಾರಿ ಜೋಳದ ಬಿತ್ತನೆ ಒಬ್ಬ ಬೆಸುಗೆಗಾರನ ಬಿಡುವಿಗಾಗಿ ಕಾಯುವುದಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳನ್ನು ಬಿಟ್ಟುಕೊಟ್ಟು ನವನಗರಕ್ಕೆ ಬಂದು ನೆಲೆಸಿದ ಕುಟುಂಬಗಳು ತೊಲೆ ಕಂಬಗಳ ಮನೆಯಿಂದ ಸಿಮೆಂಟು ಕಬ್ಬಿಣಗಳ ಮನೆಗೆ ದಾಟಿದವು. ಕಿಟಕಿಯ ಸರಳು, ಗೇಟು, ಮೆಟ್ಟಿಲ ಕಟಾಂಜನ, ಮಾಳಿಗೆಯ ಮೇಲಿನ ನೀರಿನ ಟಾಕಿಯ ಸ್ಟ್ಯಾಂಡು, ಬಿಸಿಲಿಗೆ ಹಾಕಿದ ತಗಡಿನ ಚಪ್ಪರ, ಇವೆಲ್ಲ ತುಕ್ಕು ಹಿಡಿಯುವ, ಬಿಡಿಸಿಕೊಳ್ಳುವ, ಮತ್ತೆ ಕೂಡಿಸಬೇಕಾಗುವ ವಸ್ತುಗಳು. ಬಾದಾಮಿಯಲ್ಲಿ ಪ್ರವಾಸಿಗರಿಗಾಗಿ ಖಾನಾವಳಿ ನಡೆಸುವವನಿಗೆ ಮುರಿದ ಬೆಂಚಿನ ಕಾಲು, ಇಳಕಲ್ಲಿನಲ್ಲಿ ಕಲ್ಲಿನ ಹಲಗೆ ಕೊಯ್ದು ಮಾರುವವನಿಗೆ ಹಲಗೆ ನಿಲ್ಲಿಸುವ ಕಬ್ಬಿಣದ ಚೌಕಟ್ಟು ಇದ್ದೇ ಇದೆ. ಐವತ್ತು ರೂಪಾಯಿಯ ಬೆಸುಗೆಗಾಗಿ ಇನ್ನೂರು ರೂಪಾಯಿ ಟಂಟಂ ಬಾಡಿಗೆ ಕೊಟ್ಟು ಗೇಟನ್ನು ಹೊತ್ತುಕೊಂಡು ಹೋಗುವ ಗೃಹಸ್ಥನಲ್ಲಿ ತನ್ನದೇ ಒಂದು ಯಂತ್ರವಿರಲಿ ಎಂಬ ಅಪೇಕ್ಷೆ ಹುಟ್ಟಿದರೆ ಅದನ್ನು ಹುಚ್ಚೆಂದು ಕರೆಯುವುದು ಅನ್ಯಾಯ.

ವಿದ್ಯುಚ್ಚಾಪದ ಬೆಸುಗೆ ಎಂಬುದು ತತ್ತ್ವದಲ್ಲಿ ಸರಳವಾದುದು. ಎರಡು ವಾಹಕಗಳನ್ನು ಮುಟ್ಟಿಸಿ ಕಿಂಚಿತ್ ದೂರ ಸರಿಸಿದಾಗ ನಡುವಿನ ವಾಯು ತಾನೇ ವಾಹಕವಾಗಿ, ಸಹಸ್ರಾರು ಡಿಗ್ರಿಗಳ ಉಷ್ಣವುಳ್ಳ ಜ್ವಾಲೆಯೊಂದು ಅಲ್ಲಿ ನಿಲ್ಲುತ್ತದೆ. ಆ ಜ್ವಾಲೆಯಿಂದ ಲೋಹವನ್ನು ಕೂಡಿಸಬಹುದೆಂಬುದನ್ನು 19ನೆಯ ಶತಮಾನದ ಎಂಬತ್ತರ ದಶಕದಲ್ಲಿ ರಷ್ಯದ ನಿಕೊಲಾಯ್ ಬೆನಾರ್ಡೊಸ್ ಇಂಗಾಲದ ಕಡ್ಡಿಯಿಂದ ತೋರಿಸಿದನು. ಅದೇ ದೇಶದ ಸ್ಲಾವ್ಯಾನೊವ್ 1888ರಲ್ಲಿ ಇಂಗಾಲದ ಬದಲಿಗೆ ಲೋಹದ ಕಡ್ಡಿಯನ್ನೇ ಹಿಡಿದು, ಉರಿಸುವ ಕಡ್ಡಿಯೇ ಕರಗಿ ಸಂದನ್ನು ತುಂಬುವಂತೆ ಮಾಡಿದನು. ಬರಿಯ ಕಡ್ಡಿಯಿಂದಾದ ಬೆಸುಗೆ ಗಾಳಿಯ ಆಮ್ಲಜನಕ ಸಾರಜನಕಗಳನ್ನು ಹೀರಿ ಪೆಡಸಾಗುತ್ತಿದ್ದಿತಾದಕಾರಣ, ಸ್ವೀಡನ್ನಿನ ಆಸ್ಕರ್ ಷೆಲ್‌ಬೆರಿ ಕಡ್ಡಿಗೆ ಖನಿಜಗಳ ಲೇಪವೊಂದನ್ನು ಬಳಿಯುವ ಉಪಾಯವನ್ನು ಕಂಡುಹಿಡಿದನು. ಇಂದು ಹಾರ್ಡ್‌ವೇರ್ ಅಂಗಡಿಯಲ್ಲಿ ನಾವು ‘ರಾಡು’ ಎಂದು ಕೇಳಿ ಕೊಳ್ಳುವ ಬೂದುಬಣ್ಣದ ಕಡ್ಡಿ ಆ ಲೇಪಿತ ಕಡ್ಡಿಯ ಸಂತತಿಯೇ. ಲೇಪವು ಉರಿಯುವಾಗ ಹುಟ್ಟುವ ಅನಿಲ ಕರಗಿದ ಲೋಹದ ಮೇಲೆ ಗಾಳಿ ಸುಳಿಯದಂತೆ ತಡೆಯುತ್ತದೆ. ಕರಗಿ ಮೇಲೆ ತೇಲಿದ ಲೇಪ ಗಟ್ಟಿಯಾಗಿ ಕಿಟ್ಟದ ಹೊದಿಕೆಯಾಗಿ, ಅಡಿಯ ಲೋಹ ಮೆಲ್ಲನೆ ಆರುವಂತೆ ನೋಡಿಕೊಳ್ಳುತ್ತದೆ. ಅನಿಲದ ಸಿಲಿಂಡರು ಬೇಡ, ತಂತಿಯ ಸುರುಳಿ ಬೇಡ, ಗಾಳಿ ಬೀಸುವ ಹಿತ್ತಿಲಲ್ಲಿಯೂ ಕೆಲಸ ಕೆಡುವುದಿಲ್ಲ. ಹಳ್ಳಿಯ ಮನೆಗೆ ಬೇರೆ ಬಗೆಯ ಬೆಸುಗೆಗಳಿಗಿಂತ ಕಡ್ಡಿಯ ಬೆಸುಗೆಯೇ ಒಪ್ಪುವುದೆನ್ನಲು ಇಷ್ಟೇ ಕಾರಣ ಸಾಕು.

ಈಗ ಲೆಕ್ಕಕ್ಕೆ ಬರೋಣ; ಲೆಕ್ಕವಿಲ್ಲದೆ ಈ ವಿಷಯದಲ್ಲಿ ಮಾಡುವ ವಾದವೆಲ್ಲ ಬಾಯಿಮಾತು. ಕಡ್ಡಿ ಬೆಸುಗೆಯ ಚಾಪಕ್ಕೆ ಬೇಕಾಗುವ ವೋಲ್ಟೇಜನ್ನು ಅಳೆಯಲು ಅಂತರರಾಷ್ಟ್ರೀಯ ಮಾನಕದಲ್ಲಿ ಒಂದು ಸುಲಭ ಸೂತ್ರವಿದೆ: ಆಂಪಿಯರಿನ ಶೇಕಡ 4 ಭಾಗಕ್ಕೆ 20ನ್ನು ಕೂಡಿಸುವುದು. 2.5 ಮಿಲಿಮೀಟರಿನ ಕಡ್ಡಿ 80 ಆಂಪಿಯರಿನಲ್ಲಿ ಚೆನ್ನಾಗಿ ಉರಿಯುತ್ತದೆ. ಆಗ ಚಾಪದ ವೋಲ್ಟೇಜು 23.2, ಅಂದರೆ ಚಾಪದಲ್ಲಿ ವೆಚ್ಚವಾಗುವ ಶಕ್ತಿ ಸುಮಾರು 1,850 ವ್ಯಾಟ್. ಯಂತ್ರದಲ್ಲಿ ಐದರಲ್ಲೊಂದು ಪಾಲು ಶಾಖವಾಗಿ ಸೋರಿಹೋಗುವುದೆಂದು ಇಟ್ಟುಕೊಂಡರೆ ಗೋಡೆಯಿಂದ ಎಳೆಯಬೇಕಾದುದು 2,300 ವ್ಯಾಟ್. ಅಗ್ಗದ ಯಂತ್ರಗಳು ಕರೆಂಟನ್ನು ಸಮನಾಗಿ ಎಳೆಯದೆ ಅಲೆಯ ಶಿಖರದಲ್ಲಿ ಮಾತ್ರ ಗುಟುಕರಿಸುವುದರಿಂದ ಅವುಗಳ ಪವರ್ ಫ್ಯಾಕ್ಟರ್ 0.7ರ ಆಸುಪಾಸಿನಲ್ಲಿರುತ್ತದೆ, ಆದಕಾರಣ 230 ವೋಲ್ಟಿನ ಮನೆಯ ತಂತಿಯಲ್ಲಿ ಹರಿಯುವುದು ಸುಮಾರು 15 ಆಂಪಿಯರು. ಮನೆಯ ಪವರ್ ಪ್ಲಗ್ಗಿನ ಮಿತಿ 16. ಅಲ್ಲಿಗೆ ಸರಿಹೋಯಿತು, ಆದರೆ ಅಂಚಿಗೆ ಬಂದು ಸರಿಹೋಯಿತು. ಇನ್ನು 3.15ರ ಕಡ್ಡಿಯನ್ನು 120 ಆಂಪಿಯರಿನಲ್ಲಿ ಉರಿಸಹೊರಟರೆ ಅದೇ ಲೆಕ್ಕದಿಂದ ಗೋಡೆಯಲ್ಲಿ 23 ಆಂಪಿಯರು ಬೇಕಾಗುತ್ತದೆ. ಪೆಟ್ಟಿಗೆಯ ಮೇಲೆ ಬರೆದ 200ನ್ನು ನಿಜವಾಗಿ ಹೊರತೆಗೆಯಬೇಕಾದರೆ, ಪವರ್ ಫ್ಯಾಕ್ಟರ್ ಎಳ್ಳಷ್ಟೂ ಕುಂದಿಲ್ಲವೆಂದು ಉದಾರವಾಗಿ ಒಪ್ಪಿಕೊಂಡರೂ, 30 ಆಂಪಿಯರಿಗೆ ಕಡಮೆಯಾಗದು. ವಾಸ್ತವವಾಗಿ ನಲವತ್ತನ್ನು ಮೀರುತ್ತದೆ. 16 ಆಂಪಿಯರಿನ ಪ್ಲಗ್ಗನ್ನು ಬಾಲಕ್ಕೆ ಕಟ್ಟಿಕೊಂಡು 200 ಆಂಪಿಯರಿನ ಪೌರುಷವನ್ನು ಹಣೆಯ ಮೇಲೆ ಬರೆದುಕೊಂಡ ಯಂತ್ರದ ಒಳಗುಟ್ಟು ಇದು. ಹಾಗೆಂದು ಅದು ಮೋಸವೆಂದೇ ಹೇಳಲಾಗದು. ಆ ಯಂತ್ರಕ್ಕೆ ತಕ್ಕ ತಂತಿ ಕೊಟ್ಟರೆ ಅದು ಅಷ್ಟನ್ನು ಕೊಡಲೂಬಹುದು. ಆದರೆ ಆ ತಂತಿ ಮನೆಯಲ್ಲಿಲ್ಲ.

ಬೆಸುಗೆಯ ಅಂಗಡಿಗಳಲ್ಲಿ ಮೂಲೆಯಲ್ಲಿ ಕುಳಿತು ಗುಂಯ್‌ಗುಡುವ ತಾಮ್ರದ ಸುರುಳಿಯ ಹಳೆಯ ಟ್ರಾನ್ಸ್‌ಫಾರ್ಮರನ್ನು ಹೊಗಳುವವರು ಇನ್ನೂ ಇದ್ದಾರೆ, ಮತ್ತು ಅವರ ಹೊಗಳಿಕೆಯಲ್ಲಿ ಸತ್ಯಾಂಶವಿದೆ. ಅದರೊಳಗೆ ಸುಡುವ ಸರ್ಕ್ಯೂಟಿಲ್ಲ. ಸುರುಳಿ ಸುಟ್ಟರೆ ಮೋಟರು ಸುತ್ತುವವನು ಅದನ್ನೂ ಸುತ್ತಿಕೊಡುತ್ತಾನೆ. ತಂದೆ ಕೊಂಡ ಯಂತ್ರದಲ್ಲಿ ಮಗ ಇಂದಿಗೂ ಜೀವನ ಸಾಗಿಸುತ್ತಿರುವ ಉದಾಹರಣೆಗಳು ಯಾವ ತಾಲ್ಲೂಕಿನಲ್ಲಾದರೂ ಸಿಗುತ್ತವೆ. ಆದರೆ ಮನೆಯ ಪ್ರಶ್ನೆಗೆ ಅದು ಉತ್ತರವಲ್ಲ. ಮೊದಲನೆಯದಾಗಿ, ಅವುಗಳಲ್ಲಿ ಬಹುಪಾಲು ಎರಡು ಫೇಸುಗಳ ನಡುವಣ 415 ವೋಲ್ಟಿಗೆಂದು ಮಾಡಿದವು. ಅಂಗಡಿಗೆ ಮೂರು ಫೇಸಿನ ಸಂಪರ್ಕವಿರುವುದರಿಂದ ಅಲ್ಲಿ ಅದು ನಡೆಯುತ್ತದೆ. 230 ವೋಲ್ಟಿಗೆಂದೇ ಮಾಡಿದುದನ್ನು ತಂದರೂ ಲೆಕ್ಕ ಪ್ರತಿಕೂಲವಾಗಿಯೇ ನಿಲ್ಲುತ್ತದೆ: ಕಡ್ಡಿ ತಾಗದಿರುವಾಗಲೂ ತುದಿಯಲ್ಲಿ 60 ವೋಲ್ಟ್ ಇಟ್ಟುಕೊಂಡಿರುವ ಟ್ರಾನ್ಸ್‌ಫಾರ್ಮರು 80 ಆಂಪಿಯರನ್ನು ಹೊರಗೆ ಕೊಡುವಾಗ ಗೋಡೆಯಿಂದ 21 ಆಂಪಿಯರನ್ನು ಎಳೆಯುತ್ತದೆ, ಅದರಲ್ಲಿ ಬಹುಭಾಗ ಕೆಲಸಮಾಡದೆ ತಂತಿಯನ್ನು ಮಾತ್ರ ಕಾಯಿಸಿ ಹಿಂದಿರುಗುವ ಕರೆಂಟು. ತೂಕವೋ, ಇಬ್ಬರು ಹಿಡಿದು ಎತ್ತುವಷ್ಟು. ಹೊಸ ಬಗೆಯ ಇನ್ವರ್ಟರ್ ಯಂತ್ರ ಇದೇ ಕೆಲಸವನ್ನು ಬೇರೆ ದಾರಿಯಿಂದ ಮಾಡುತ್ತದೆ. ಮನೆಯ ಪರ್ಯಾಯ ಕರೆಂಟನ್ನು ಮೊದಲು 320 ವೋಲ್ಟಿಗೂ ಮಿಗಿಲಾದ ನೇರ ಕರೆಂಟನ್ನಾಗಿ ಮಾಡಿ, ಅದನ್ನು ಐಜಿಬಿಟಿ ಎಂಬ ಅರೆವಾಹಕದ ಬಾಗಿಲುಗಳಿಂದ ಸೆಕೆಂಡಿಗೆ ಹತ್ತಾರು ಸಾವಿರ ಸಲ ತೆರೆದು ಮುಚ್ಚಿ, ಮುಷ್ಟಿಗಾತ್ರದ ಟ್ರಾನ್ಸ್‌ಫಾರ್ಮರಿನಿಂದ ಇಳಿಸಿ, ಮತ್ತೆ ನೇರ ಕರೆಂಟನ್ನಾಗಿ ಹೊರಗೆ ಬಿಡುತ್ತದೆ. ಆವರ್ತನ ಏರಿದಷ್ಟೂ ಟ್ರಾನ್ಸ್‌ಫಾರ್ಮರಿನ ಗಾತ್ರ ಕುಗ್ಗುವುದೆಂಬ ಭೌತಶಾಸ್ತ್ರದ ನಿಯಮವೇ ಅದರ ಹಗುರತನಕ್ಕೆ ಕಾರಣ. ಒಳಗೆ ಏನನ್ನೋ ಕದ್ದಿದ್ದಾರೆಂದು ಶಂಕಿಸಬೇಕಾಗಿಲ್ಲ. ನೇರ ಕರೆಂಟಿನ ಚಾಪ ಸ್ಥಿರವಾಗಿ ನಿಲ್ಲುವುದರಿಂದ ಹೊಸಗೈಗೂ ಕಡ್ಡಿ ಬೇಗ ಒಗ್ಗುತ್ತದೆ. ಕಡ್ಡಿ ಅಂಟಿಕೊಂಡಾಗ ಯಂತ್ರ ತಾನೇ ಕರೆಂಟು ತಗ್ಗಿಸುವ, ಕಿಡಿ ಹೊತ್ತಿಸುವಾಗ ಕ್ಷಣಕಾಲ ಹೆಚ್ಚಿಸುವ ಅನುಕೂಲಗಳೂ ಇವೆ. ಬೆಲೆ ಸಾಮಾನ್ಯವಾಗಿ ಐದಾರು ಸಾವಿರದಿಂದ ಆರಂಭ. ಸುಟ್ಟ ಬೋರ್ಡನ್ನು ನಮ್ಮ ಊರುಗಳಲ್ಲಿ ದುರಸ್ತಿಮಾಡುವವರು ವಿರಳರೆಂಬ ದೋಷವನ್ನು ಒಪ್ಪಿಕೊಂಡೂ, ಮನೆಯ ಕರೆಂಟಿಗೆ ಇನ್ವರ್ಟರೇ ಸರಿ ಎಂಬುದು ನನ್ನ ಅಭಿಪ್ರಾಯ.

ಯಂತ್ರ ಇನ್ವರ್ಟರೆಂದು ಗೊತ್ತಾದೊಡನೆ ಯೋಚನೆ ತಂತಿಯ ಕಡೆಗೆ ಹೊರಳಬೇಕು. ಕೊಳ್ಳುವವರಲ್ಲಿ ಅತಿ ಕಡಮೆ ಜನ ಮಾಡುವ ಯೋಚನೆ ಇದು. ಕಂಬದಿಂದ ಮೀಟರಿಗೆ, ಮೀಟರಿನಿಂದ ಪ್ಲಗ್ಗಿಗೆ, ಪ್ಲಗ್ಗಿನಿಂದ ಹಿತ್ತಿಲಿಗೆ ಎಳೆದ ತಂತಿಯ ಒಂದೊಂದು ಮಾರೂ ತನ್ನ ಪಾಲಿನ ವೋಲ್ಟೇಜನ್ನು ತಿಂದುಹಾಕುತ್ತದೆ. ಒಂದು ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು 30 ಮೀಟರು ಎಳೆದರೆ, ಹೋಗುವ ಬರುವ ಎರಡು ಎಳೆ ಸೇರಿ ಸುಮಾರು 1.1 ಓಮ್, 15 ಆಂಪಿಯರಿಗೆ 16 ವೋಲ್ಟ್ ಹೋಯಿತು, ಹೋದುದೆಲ್ಲ ತಂತಿಯನ್ನು ಕಾಯಿಸುವುದಕ್ಕೆ ಹೋಯಿತು. ಸುರುಳಿ ಬಿಚ್ಚದ ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಆ ಕಾವು ಹೊರಗೆ ಹೋಗಲು ದಾರಿಯಿಲ್ಲದೆ ಪ್ಲಾಸ್ಟಿಕ್ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುವುದನ್ನು ಮದುವೆ ಮನೆಗಳಲ್ಲಿ ದೀಪ ಹಾಕುವವರು ಚೆನ್ನಾಗಿ ಬಲ್ಲರು. ಅದೇ ದೂರಕ್ಕೆ 2.5ರ ತಂತಿ ಎಳೆದರೆ ನಷ್ಟ ಏಳು ವೋಲ್ಟಿಗೆ ಇಳಿಯುತ್ತದೆ, 4ರ ತಂತಿಗೆ ಇನ್ನೂ ಕಡಮೆ. ಇದರ ಮೇಲೆ ಸಂಜೆಯ ಹೊತ್ತಿನ ವೋಲ್ಟೇಜಿನ ಪ್ರಶ್ನೆ ಬೇರೆ. ಪಂಪ್‌ಸೆಟ್ಟುಗಳ ಭಾರವುಳ್ಳ ಹಳ್ಳಿಯ ಟ್ರಾನ್ಸ್‌ಫಾರ್ಮರಿನ ಕೊನೆಯ ಮನೆಗೆ 230 ಎಂಬುದು ಕಾಗದದ ಮೇಲಿನ ಅಂಕಿ. ಅಲ್ಲಿ 180ಕ್ಕೆ ಇಳಿದಾಗ ಇನ್ವರ್ಟರು ಅದೇ ಶಕ್ತಿಯನ್ನು ಹೊಂದಿಸಲು 15ರ ಬದಲು 19 ಆಂಪಿಯರನ್ನು ಎಳೆಯತೊಡಗುತ್ತದೆ, ಎಳೆದಷ್ಟೂ ತಂತಿಯಲ್ಲಿ ಮತ್ತಷ್ಟು ಇಳಿಯುತ್ತದೆ. ಒಂದು ಹಂತದಲ್ಲಿ ಯಂತ್ರ ಕೆಂಪು ದೀಪ ತೋರಿಸಿ ಕೈಚೆಲ್ಲುತ್ತದೆ, ಇಲ್ಲವೆ ಎಂಸಿಬಿ ಬೀಳುತ್ತದೆ. ಆಗ ಎಂಸಿಬಿಯನ್ನು ಕಿತ್ತು ದೊಡ್ಡದು ಹಾಕಿಸುವವರಿದ್ದಾರೆ. ಗೋಡೆಯೊಳಗಿನ ತಂತಿಯನ್ನು ಕಾಯಲೆಂದು ಇಟ್ಟ ಎಂಸಿಬಿಯ ಬಾಯಿ ಕಟ್ಟಿದರೆ ತಂತಿಯೇ ಎಂಸಿಬಿಯ ಕೆಲಸ ಮಾಡುತ್ತದೆ, ಮಾಡಿ ಉರಿಯುತ್ತದೆ. ಎಸಿಗೆಂದೋ ಗೀಸರಿಗೆಂದೋ 4 ಚದರ ಮಿಲಿಮೀಟರಿನ ತಂತಿಯನ್ನು ಮೀಟರಿನಿಂದ ಬೇರೆಯಾಗಿ ಎಳೆಸಿರುವ ನವನಗರದ ಮನೆಯಲ್ಲಿ ಈ ಚಿಂತೆ ಅಷ್ಟಾಗಿ ಇಲ್ಲ. ಬಾದಾಮಿಯ ಹಳೆಯ ಓಣಿಯ ಮಣ್ಣುಗೋಡೆಯ ಮನೆಯಲ್ಲಿ, ಬಲ್ಬಿಗೆಂದು ಎಳೆದ ತಂತಿಗೆ ಆಮೇಲೆ ಫ್ರಿಜ್ಜು, ಗಿರಣಿ, ಮೋಟರುಗಳನ್ನು ಒಂದೊಂದಾಗಿ ಸೇರಿಸುತ್ತ ಬಂದ ಕಡೆಯಲ್ಲಿ, ಯಂತ್ರಕ್ಕಿಂತ ಮೊದಲು ತಂತಿ ಬದಲಾಗಬೇಕು.

ವೋಲ್ಟೇಜು ಸಾಲದಿದ್ದಾಗ ಕೆಲಸ ನಿಂತೇ ಹೋದರೆ ಅದು ಅನುಗ್ರಹವೆನ್ನಬೇಕು. ಅನರ್ಥವಾಗುವುದು ಕೆಲಸ ಅರೆಬರೆಯಾಗಿ ನಡೆದಾಗ. ದಪ್ಪ ಕಡ್ಡಿಗೆ ತೆಳು ಕರೆಂಟು ಸಿಕ್ಕಾಗ ಕಡ್ಡಿಯ ಲೋಹ ಕರಗಿ ಬೀಳುತ್ತದೆ, ಆದರೆ ಕೆಳಗಿನ ಕಬ್ಬಿಣ ಕರಗುವುದಿಲ್ಲ. ಮೇಲೆ ಸುಂದರವಾದ ಏರಿಯೊಂದು ಮೂಡಿರುತ್ತದೆ, ಒಳಗೆ ಸಂಬಂಧವೇ ಏರ್ಪಟ್ಟಿರುವುದಿಲ್ಲ. ಇಳಕಲ್ಲಿನ ನೇಕಾರ ಸೀರೆಯ ಒಡಲಿಗೆ ಸೆರಗನ್ನು ಕೂಡಿಸುವಾಗ, ಒಡಲಿನ ಹಾಸಿನ ಎಳೆಯ ಕುಣಿಕೆಯೊಳಗೆ ಸೆರಗಿನ ಹಾಸಿನ ಎಳೆ ಹೊಕ್ಕು ಹೊರಡುವಂತೆ ಟೋಪಿ ತೆನಿಯ ಕೀಲು ಹಾಕುತ್ತಾನಲ್ಲವೆ, ಬೆಸುಗೆಯಲ್ಲಿಯೂ ಒಂದು ಲೋಹ ಮತ್ತೊಂದರ ಒಳಹೊಕ್ಕಿರಬೇಕೇ ಹೊರತು ಅದರ ಮೇಲೆ ಕುಳಿತಿರಬಾರದು. ಆದುದರಿಂದ ಮನೆಯ ಕರೆಂಟನ್ನು ನಂಬಿದವನು 2.5ರ ಕಡ್ಡಿಯನ್ನೇ ತನ್ನ ಮುಖ್ಯ ಕಡ್ಡಿಯೆಂದು ಒಪ್ಪಿಕೊಳ್ಳುವುದು ಲೇಸು. ಕಿಟಕಿಯ ಸರಳು, ಚೌಕ ಪೈಪು, ಗೇಟಿನ ಕೋನಪಟ್ಟಿ, ಟಾಕಿಯ ಸ್ಟ್ಯಾಂಡು, ಇವಕ್ಕೆಲ್ಲ ಅದು ಧಾರಾಳ. ಮೂರ್ನಾಲ್ಕು ಮಿಲಿಮೀಟರಿಗಿಂತ ದಪ್ಪ ಕಬ್ಬಿಣವಾದರೆ ಅಂಚನ್ನು ಗ್ರೈಂಡರಿನಿಂದ ಓರೆಯಾಗಿ ಸವರಿ, ಎರಡು ಮೂರು ಸಲ ಒಂದರ ಮೇಲೊಂದು ಹಾಯಿಸಬಹುದು. ಕಡ್ಡಿಯ ಬಗೆ ಕೇಳಿದರೆ 6013 ಎಂಬ ಸಾಧಾರಣ ಕಡ್ಡಿ ಸಾಕು. 7018 ಎಂಬುದು ಹೆಚ್ಚು ಗಟ್ಟಿಯೆಂದು ಕೇಳಿ ಅದನ್ನೇ ಹಂಬಲಿಸುವವರಿಗೆ, ಅದನ್ನು ಒಲೆಯಲ್ಲಿ ಒಣಗಿಸಿ ಬಿಸಿಯಾಗಿಯೇ ಬಳಸದಿದ್ದರೆ ಅದರ ಹೆಚ್ಚುಗಾರಿಕೆಯೇ ಹೋಗುವುದೆಂಬುದು ತಿಳಿದಿರಲಿ. ಮಳೆಗಾಲದಲ್ಲಿ ಮಾಡದಲ್ಲಿಟ್ಟು ತೇವ ಹೀರಿದ ಕಡ್ಡಿಯನ್ನು ಯಾವುದಾದರೂ ಸರಿ, ಒಣಗಿಸಿಯೇ ಹಿಡಿಯತಕ್ಕದ್ದು.

ಇನ್ನು ಯಂತ್ರದ ಬೆನ್ನಿಗೆ ಅಂಟಿಸಿದ ಚಿಕ್ಕ ತಗಡಿನ ಮಾತು. ಮಗ್ಗುಲಿನ ದೊಡ್ಡ ಸಂಖ್ಯೆಯನ್ನು ಬಿಟ್ಟು ಅದನ್ನು ಓದಬೇಕು. ಅಲ್ಲಿ ಡ್ಯೂಟಿ ಸೈಕಲ್ ಎಂದು ಶೇಕಡಾವಾರು ಬರೆದಿರುತ್ತದೆ. 60 ಎಂದಿದ್ದರೆ ಹತ್ತು ನಿಮಿಷಗಳಲ್ಲಿ ಆರು ನಿಮಿಷ ಬೆಸೆಯಬಹುದು, ನಾಲ್ಕು ನಿಮಿಷ ಯಂತ್ರ ಆರಬೇಕು. ಮಾನಕದ ಪ್ರಕಾರ ಈ ಪರೀಕ್ಷೆ 40 ಡಿಗ್ರಿ ಉಷ್ಣತೆಯಲ್ಲಿ ನಡೆಯತಕ್ಕದ್ದು. ಅಗ್ಗದ ಯಂತ್ರಗಳ ತಯಾರಕರು 20 ಇಲ್ಲವೆ 25 ಡಿಗ್ರಿಯಲ್ಲಿ ಅಳೆದು ಅದನ್ನೇ ಮುದ್ರಿಸುವುದುಂಟು. ಚೈತ್ರ ವೈಶಾಖಗಳಲ್ಲಿ ನೆರಳಿನಲ್ಲಿಯೇ ನಲವತ್ತನ್ನು ದಾಟುವ ಬಾಗಲಕೋಟೆಯ ಬಿಸಿಲಿಗೆ, ಅದರಲ್ಲಿಯೂ ತಗಡಿನ ಚಪ್ಪರದ ಕೆಳಗೆ, ಅಂಥ ಸಂಖ್ಯೆಯ ಬೆಲೆ ಎಷ್ಟೆಂಬುದನ್ನು ಊಹಿಸಿಕೊಳ್ಳಬಹುದು. ಆದರೆ ಈ ವಿಷಯದಲ್ಲಿ ಮನೆಯವನಿಗೆ ಅಂಜಿಕೆ ಅಂಗಡಿಯವನಿಗಿರುವಷ್ಟು ಬೇಕಾಗಿಲ್ಲ. 2.5ರ ಒಂದು ಕಡ್ಡಿ ಉರಿದು ಮುಗಿಯಲು ಹೆಚ್ಚುಕಡಮೆ ಒಂದು ನಿಮಿಷ. ಆಮೇಲೆ ಕಿಟ್ಟ ಕುಟ್ಟಿ, ಬ್ರಷ್ಷಿನಿಂದ ಉಜ್ಜಿ, ಹೊಸ ಕಡ್ಡಿ ಸಿಕ್ಕಿಸಿ, ಬೆವರು ಒರೆಸಿಕೊಳ್ಳುವಷ್ಟರಲ್ಲಿ ಯಂತ್ರ ತಾನಾಗಿ ವಿಶ್ರಮಿಸಿರುತ್ತದೆ. ಶಾಖಕ್ಕಿಂತ ದೊಡ್ಡ ವೈರಿ ಧೂಳು. ಇನ್ವರ್ಟರಿನ ಫ್ಯಾನು ಹೊರಗಿನ ಗಾಳಿಯನ್ನು ಒಳಗೆಳೆದು ಸರ್ಕ್ಯೂಟಿನ ಮೇಲೆಯೇ ಹಾಯಿಸುತ್ತದೆ. ಇಳಕಲ್ಲಿನ ಕಲ್ಲು ಕೊಯ್ಯುವ ಶೆಡ್ಡುಗಳ ಸಮೀಪದಲ್ಲಿ ಆ ಗಾಳಿಯ ಜೊತೆ ಗ್ರಾನೈಟಿನ ಹಿಟ್ಟು ಒಳಸೇರಿ ಶಾಖ ಚೆಲ್ಲುವ ಅಲ್ಯುಮಿನಿಯಮ್ ರೆಕ್ಕೆಗಳ ಸಂದು ತುಂಬಿಬಿಡುತ್ತದೆ; ಅದಕ್ಕಿಂತ ಕೆಡುಕು ಗ್ರೈಂಡರಿನಿಂದ ಹಾರುವ ಕಬ್ಬಿಣದ ಪುಡಿ, ಏಕೆಂದರೆ ಅದು ಸ್ವತಃ ವಾಹಕ. ಬೆಸುಗೆ ಮಾಡುವ ಜಾಗದಲ್ಲಿಯೇ ಕಬ್ಬಿಣ ಕೊಯ್ಯುವ ನಮ್ಮ ಅಭ್ಯಾಸದಲ್ಲಿ ಯಂತ್ರವನ್ನು ಕಿಡಿ ಹಾರುವ ದಿಕ್ಕಿನಿಂದ ನಾಲ್ಕು ಮಾರು ಆಚೆಗಿಡುವ ಎಚ್ಚರವೊಂದೇ ಅದರ ಆಯುಷ್ಯವನ್ನು ಎಷ್ಟೋ ಪಾಲು ಹೆಚ್ಚಿಸುತ್ತದೆ. ಊದಿ ಧೂಳು ತೆಗೆಯಲು ಮುಚ್ಚಳ ಬಿಚ್ಚುವವರು ಪ್ಲಗ್ಗು ಕಿತ್ತ ಮೇಲೆಯೂ ಕೆಲಕಾಲ ಒಳಗಿನ ಕಪ್ಯಾಸಿಟರುಗಳಲ್ಲಿ ಮುನ್ನೂರು ವೋಲ್ಟ್ ನಿಂತಿರುವುದೆಂಬುದನ್ನು ಮರೆಯಬಾರದು.

ಯಂತ್ರ ಎಷ್ಟೇ ಒಳ್ಳೆಯದಾಗಿರಲಿ, ಮನೆಯ ಕೈಗೆ ದಕ್ಕದ ಕೆಲಸಗಳಿವೆ. ಎರೆಹೊಲದ ಕುಂಟೆಗೆ ಲಾರಿಯ ಹಳೆಯ ಕಮಾನು ಪಟ್ಟಿಯಿಂದ ಕುಡ ಮಾಡಿಸುವುದು ನಮ್ಮಲ್ಲಿ ವಾಡಿಕೆ. ಆ ಉಕ್ಕಿನಲ್ಲಿ ಇಂಗಾಲದ ಅಂಶ ಹೆಚ್ಚು. ತಣ್ಣಗಿರುವಾಗಲೇ ಬೆಸೆದರೆ ಬೆಸುಗೆಯ ಮಗ್ಗುಲಿನ ಎಳೆಯಲ್ಲಿ ಅದು ಗಾಜಿನಷ್ಟು ಪೆಡಸಾಗಿ, ಮೊದಲ ಕಲ್ಲಿಗೆ ತಾಗಿದಾಗಲೇ ಟಣ್ಣೆಂದು ಮುರಿಯುತ್ತದೆ. ಮುರಿದಾಗ ಬೆಸುಗೆಗೆ ಏನೂ ಆಗಿರುವುದಿಲ್ಲ, ಅದರ ಪಕ್ಕ ಬಿಟ್ಟುಹೋಗಿರುತ್ತದೆ. ಕಮ್ಮಾರ ಅದನ್ನು ಕುಲುಮೆಯಲ್ಲಿ ಕಾಯಿಸಿ, ಬೆಸೆದ ಮೇಲೆ ಬೂದಿಯಲ್ಲಿಟ್ಟು ಮೆಲ್ಲನೆ ಆರಿಸುವುದರ ಹಿಂದೆ ಪುಸ್ತಕದ ಲೋಹಶಾಸ್ತ್ರವೇ ಇದೆ, ಪುಸ್ತಕವೊಂದಿಲ್ಲ ಅಷ್ಟೆ. ಗುಳೇದಗುಡ್ಡ, ಇಳಕಲ್ಲುಗಳ ವಿದ್ಯುತ್ ಮಗ್ಗಗಳ ಬೀಡುಕಬ್ಬಿಣದ ಭಾಗಗಳೂ ಇದೇ ಜಾತಿಯವು; ಅವಕ್ಕೆ ನಿಕ್ಕಲ್ಲಿನ ದುಬಾರಿ ಕಡ್ಡಿಯೂ, ಬೊಟ್ಟುದ್ದ ಬೆಸೆದು ತಡೆದು ಮತ್ತೆ ಬೊಟ್ಟುದ್ದ ಬೆಸೆಯುವ ತಾಳ್ಮೆಯೂ ಬೇಕು. ಟ್ರೇಲರಿನ ಕೊಕ್ಕೆ, ಚಕ್ಕಡಿಯ ಇರಚಿ, ಮಕ್ಕಳ ಜೋಕಾಲಿಯ ಕೊಂಡಿ, ಇವು ಮುರಿದರೆ ಪ್ರಾಣಕ್ಕೆ ಬರುವಂಥವಾದುದರಿಂದ ಹೊಸಗೈ ಅವನ್ನು ಮುಟ್ಟದಿರುವುದೇ ಧರ್ಮ. ಡೀಸೆಲ್ ಪೀಪಾಯಿಯನ್ನಂತೂ, ಖಾಲಿಯಾಗಿದೆ ಎಂಬ ಧೈರ್ಯದಿಂದ ಎಂದಿಗೂ ಬೆಸೆಯತಕ್ಕದ್ದಲ್ಲ. ಸಿಡಿಯುವುದು ಎಣ್ಣೆಯಲ್ಲ, ಖಾಲಿ ಪೀಪಾಯಿಯಲ್ಲಿ ಉಳಿದ ಆವಿ.

ಭೂಮಿಯ ಗುಣಕ್ಕೂ ಈ ಯಂತ್ರಕ್ಕೂ ಸಂಬಂಧವುಂಟೆಂದರೆ ಕೆಲವರು ನಗಬಹುದು. ಕೆಲಸದ ಕಬ್ಬಿಣಕ್ಕೆ ಚಿಮುಟದಿಂದ ಕಚ್ಚಿಸುವ ಕೇಬಲ್ಲನ್ನು ನಮ್ಮವರು ಅರ್ಥ್ ಎಂದೇ ಕರೆಯುತ್ತಾರೆ, ಮತ್ತು ಅದು ಇದ್ದಮೇಲೆ ಪ್ಲಗ್ಗಿನ ಮೂರನೆಯ ಪಿನ್ನಿಗೆ ತಂತಿಯಿಲ್ಲದಿದ್ದರೂ ನಡೆಯುತ್ತದೆಂದು ತಿಳಿಯುತ್ತಾರೆ. ಆ ಕೇಬಲ್ಲಿನ ಕೆಲಸ ಬೆಸುಗೆಯ ಕರೆಂಟನ್ನು ಯಂತ್ರಕ್ಕೆ ಹಿಂದಿರುಗಿಸುವುದು; ಯಂತ್ರದ ಮೈಗೆ 230 ವೋಲ್ಟ್ ಸೋರಿದಾಗ ಅದನ್ನು ನೆಲಕ್ಕಿಳಿಸಿ ಮನುಷ್ಯನನ್ನು ಉಳಿಸುವುದು ಮೂರನೆಯ ಪಿನ್ನು. ಆ ಪಿನ್ನಿನ ತಂತಿ ಕೊನೆಗೆ ಮುಟ್ಟುವ ನೆಲ ಎಲ್ಲೆಡೆ ಒಂದೇ ಅಲ್ಲ. ಹುನಗುಂದದ ಎರೆಮಣ್ಣು ಹಸಿಯಾಗಿರುವಾಗ ಕರೆಂಟನ್ನು ಚೆನ್ನಾಗಿ ಹೀರುತ್ತದೆ, ಬೇಸಗೆಯಲ್ಲಿ ಬಿರುಕು ಬಿಟ್ಟು ಅರ್ಥಿಂಗಿನ ಕೊಳವೆಯಿಂದಲೇ ದೂರ ಸರಿದು ನಿಲ್ಲುತ್ತದೆ. ಬಾದಾಮಿಯ ಮರಳುಗಲ್ಲಿನ ನೆಲದಲ್ಲಿ, ಇಳಕಲ್ಲಿನ ಗ್ರಾನೈಟಿನ ಮೇಲಿನ ತೆಳುಮಣ್ಣಿನಲ್ಲಿ ಕೊಳವೆ ಇಳಿಯುವುದೇ ಕಷ್ಟ, ಇಳಿದರೂ ಬಂಡೆ ಕರೆಂಟಿಗೆ ದಾರಿ ಕೊಡುವುದಿಲ್ಲ. ಅಂಥಲ್ಲಿ ಇದ್ದಿಲು ಉಪ್ಪು ತುಂಬಿದ ಗುಂಡಿಗೆ ಬೇಸಗೆಯಲ್ಲಿ ಆಗಾಗ ನೀರು ಹೊಯ್ಯುವುದರ ಜೊತೆಗೆ, 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟು ಕಡಿಯುವ ಆರ್‌ಸಿಸಿಬಿಯೊಂದನ್ನು ಮೀಟರಿನ ಬಳಿ ಕೂರಿಸುವುದು ಅವಶ್ಯವೆಂದೇ ಹೇಳುತ್ತೇನೆ. ಕಡ್ಡಿಯ ತುದಿಯಲ್ಲಿ ಸುಮ್ಮನಿರುವಾಗಲೂ 60ರಿಂದ 80 ವೋಲ್ಟ್ ಇರುತ್ತದೆ. ಒಣಗೈಗೆ ಅದು ಬರಿಯ ಚುರುಕು, ಬೆವರಿನಿಂದ ತೊಯ್ದ ಅಂಗಿ ತೊಟ್ಟು ಒದ್ದೆ ನೆಲದಲ್ಲಿ ಕುಕ್ಕರಗಾಲಿನಲ್ಲಿ ಕುಳಿತವನಿಗೆ ಹಾಗಲ್ಲ.

ಕಣ್ಣಿನ ವಿಷಯ ಚಿಕ್ಕದಾಗಿ ಮುಗಿಸಬಹುದು, ಏಕೆಂದರೆ ಅದರಲ್ಲಿ ವಾದವಿಲ್ಲ. ಚಾಪದ ನೇರಳಾತೀತ ಕಿರಣಕ್ಕೆ ಕಣ್ಣಿನ ಮೇಲ್ಪರೆ ಸುಡುತ್ತದೆ. ನೋವು ಆಗಲೇ ತಿಳಿಯದೆ ನಡುರಾತ್ರಿ ಕಣ್ಣಲ್ಲಿ ಮರಳು ಸುರಿದಂತೆ ಎದ್ದು ಕೂರಿಸುತ್ತದೆ, ಆಗ ಆಲೂಗಡ್ಡೆಯ ಬಿಲ್ಲೆ ಇಟ್ಟುಕೊಂಡು ಬೆಳಗಿನವರೆಗೆ ನರಳುವುದಾಗುತ್ತದೆ. ತಂಪು ಕನ್ನಡಕ ಇದಕ್ಕೆ ಏನೂ ಮಾಡಲಾರದು. 10 ಇಲ್ಲವೆ 11ನೆಯ ಸಂಖ್ಯೆಯ ಕಪ್ಪು ಗಾಜುಳ್ಳ ಮುಖವಾಡ ಬೇಕು. ಗೋಡೆಗೆ ಗೋಡೆ ಕೂಡಿದ ನಮ್ಮ ಓಣಿಗಳಲ್ಲಿ ಕಟ್ಟೆಯ ಮೇಲೆ ಕುಳಿತು ನೋಡುವ ಮಕ್ಕಳಿಗೆ ಮುಖವಾಡವಿರುವುದಿಲ್ಲವಾದ್ದರಿಂದ ನಡುವೆ ಒಂದು ತಗಡನ್ನಾದರೂ ಮರೆಮಾಡಬೇಕು.

ಕರೆಂಟು ಬಿಲ್ಲಿನ ಭಯದಿಂದ ಹಿಂಜರಿಯುವವರಿಗೂ, ಬಿಲ್ಲೇ ಇಲ್ಲವೆಂಬ ಧೈರ್ಯದಿಂದ ಮುನ್ನುಗ್ಗುವವರಿಗೂ ಒಂದೇ ಉತ್ತರ. ಒಂದು ಕಡ್ಡಿ ಒಂದು ನಿಮಿಷದಲ್ಲಿ ಗೋಡೆಯಿಂದ 2.3 ಕಿಲೋವ್ಯಾಟಿನಂತೆ ಎಳೆದರೆ, ಒಂದು ಯೂನಿಟ್ಟಿನಲ್ಲಿ ಇಪ್ಪತ್ತೈದು ಕಡ್ಡಿಗಳು ಉರಿಯುತ್ತವೆ. ಖರ್ಚು ಲೆಕ್ಕಕ್ಕಿಲ್ಲ. 2023ರ ಆಗಸ್ಟಿನಿಂದ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯ ಫಲಾನುಭವಿಯಾಗಿರುವ ಮನೆಗೂ ಇದರಿಂದ ಯೂನಿಟ್ಟಿನ ಮಿತಿ ಮೀರದು. ಮಿತಿ ಇರುವುದು ಬೇರೆಡೆ: ಮನೆಗೆ ಹೆಸ್ಕಾಂ ಮಂಜೂರು ಮಾಡಿದ ಭಾರ ಒಂದೋ ಎರಡೋ ಕಿಲೋವ್ಯಾಟ್ ಆಗಿದ್ದರೆ, ಈ ಯಂತ್ರವೊಂದೇ ಅದನ್ನು ದಾಟುತ್ತದೆ, ಭಾರ ಹೆಚ್ಚಿಸಿಕೊಳ್ಳಲು ಅರ್ಜಿ ಹಾಕುವುದು ಕಷ್ಟದ ಕೆಲಸವೇನಲ್ಲ. ಆದರೆ ತನ್ನ ಗೇಟು ಬೆಸೆದವನು ನೆರೆಯವನ ಗೇಟನ್ನು, ಆಮೇಲೆ ಊರಿನ ಗೇಟುಗಳನ್ನು ಕೂಲಿಗೆ ಬೆಸೆಯತೊಡಗಿದನೆಂದರೆ ಅದು ಮನೆಬಳಕೆಯಲ್ಲ. ಮಂಜೂರಾದ ಉದ್ದೇಶ ಬಿಟ್ಟು ಬೇರೆಯದಕ್ಕೆ ಕರೆಂಟು ಬಳಸುವುದನ್ನು 2003ರ ವಿದ್ಯುಚ್ಛಕ್ತಿ ಅಧಿನಿಯಮದ 126ನೆಯ ಕಲಮು ಅನಧಿಕೃತವೆಂದು ಕರೆದು, ದರದ ಎರಡರಷ್ಟನ್ನು ವಸೂಲುಮಾಡುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಎಲ್ಲರೂ ಯಂತ್ರ ಕೊಳ್ಳಬೇಕೆಂದು ನಾನು ವಾದಿಸಲಾರೆ. ವರ್ಷಕ್ಕೆ ಎರಡು ಸಲ ಕೀಲು ಬಿಡುವ ಗೇಟೊಂದೇ ಇರುವವನು ಊರಿನ ಬೆಸುಗೆಗಾರನನ್ನು ಮನೆಗೆ ಕರೆಸಿದರೆ ಇಬ್ಬರಿಗೂ ಹಿತ. ಆತನ ಬಳಿಯಲ್ಲಿಯೂ ಈಗ ಹೆಗಲಿಗೆ ಹಾಕಿಕೊಂಡು ಬರುವ ಯಂತ್ರವಿದೆ. ಹೊಲ, ದನದ ಕೊಟ್ಟಿಗೆ, ಹಳೆಯ ಟ್ರೇಲರು ಉಳ್ಳವನಿಗೆ ಅದು ಬೇರೆ ಮಾತು. ಆತನು ಯಂತ್ರದ ಬೆನ್ನಿನ ತಗಡಿನ ಮೇಲೆ ಓದಿದರೆ ಸತ್ಯವಾಗಿ 120ರಿಂದ 140 ಆಂಪಿಯರು ಕೊಡುವ ಇನ್ವರ್ಟರನ್ನು ಆರಿಸಿ, 250 ಎಂದು ಬರೆದುದಕ್ಕೂ ಇದಕ್ಕೂ ಇರುವ ಬೆಲೆಯ ಅಂತರವನ್ನು ಬೇರೆ ಕಡೆ ಹಾಕಲಿ: ಅರ್ಧಭಾಗ ದಪ್ಪ ತಂತಿಗೆ, ಉಳಿದುದು ಒಳ್ಳೆಯ ಮುಖವಾಡಕ್ಕೂ ಚರ್ಮದ ಕೈಗವುಸಿಗೂ. ಪೆಟ್ಟಿಗೆಯ ಜೊತೆ ಬರುವ ಮೊಳದುದ್ದದ, ತಾಮ್ರದ ಬಣ್ಣ ಬಳಿದ ಅಲ್ಯುಮಿನಿಯಮ್ ಕೇಬಲ್ಲನ್ನು ಬದಲಿಸಿ 16 ಚದರ ಮಿಲಿಮೀಟರಿನ ತಾಮ್ರದ್ದು ಹಾಕಿಸಲಿ. ಹತ್ತು ಮೀಟರು ಹೋಗಿ ಬಂದರೂ ಅದರಲ್ಲಿ 80 ಆಂಪಿಯರಿಗೆ ಎರಡು ವೋಲ್ಟಿಗಿಂತ ಹೆಚ್ಚು ನಷ್ಟವಾಗದು. ದೂರದ ಗೋದಾಮಿನಿಂದ ತರಿಸಿಕೊಂಡ ಯಂತ್ರ ಕೆಲವು ನೂರು ಅಗ್ಗವಾಗಬಹುದು, ಆದರೆ ಬೋರ್ಡು ಸುಟ್ಟ ದಿನ ಅದನ್ನು ಯಾರ ಮುಂದೆ ಇಡುವುದು? ಬಾಗಲಕೋಟೆಯಲ್ಲಿಯೋ ಹುಬ್ಬಳ್ಳಿಯಲ್ಲಿಯೋ ದುರಸ್ತಿಗೆ ಹೊಣೆ ಹೊರುವ ಅಂಗಡಿಯಲ್ಲಿ, ಮನೆಯಲ್ಲಿ ಸಿಗುವಂಥದೇ 16 ಆಂಪಿಯರಿನ ಪ್ಲಗ್ಗಿಗೆ ಸಿಕ್ಕಿಸಿ, ಎರಡು ಕಡ್ಡಿ ಬೆನ್ನುಬೆನ್ನಿಗೆ ಉರಿಸಿ ತೋರಿಸೆಂದು ಕೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಬೆಸೆದ ತುಂಡನ್ನು ವೈಸಿನಲ್ಲಿ ಕಚ್ಚಿಸಿ ಸುತ್ತಿಗೆಯಿಂದ ಬಗ್ಗಿಸಿ ಮುರಿಸಿ, ಮುರಿದ ಬಾಯಿಯಲ್ಲಿ ಎರಡೂ ಕಬ್ಬಿಣ ಕರಗಿ ಕೂಡಿವೆಯೋ ಇಲ್ಲವೋ ಎಂಬುದನ್ನು ನೋಡಿಯೇ ಹಣ ಎಣಿಸುವುದು.